ಅಂಗಡಿಯವನ ಲೆಕ್ಕ ಬಿಡಿ, ನಿಮ್ಮ ಲೆಕ್ಕ ನೀವೇ ಮಾಡಿ!



ಒಂದು ಪ್ರಶ್ನೆ ಕೇಳುತ್ತೇವೆ, ಸಿಟ್ಟಾಗಬೇಡಿ. ನಿಮ್ಮ ಮನೆಯ ಫೈಬರ್ ಕೂಲರಿನ ನೀರಿನ ತೊಟ್ಟಿ ಅರ್ಧ ಮೀಟರ್ ಉದ್ದಕ್ಕೆ ಸೀಳು ಬಿಟ್ಟಿದೆ. ಅದನ್ನು ಮುಚ್ಚಲು ಗಾಜಿನ ನಾರು ಎಷ್ಟು ಬೇಕು? ರೆಸಿನ್ ಎಷ್ಟು? ಹಾರ್ಡನರ್ ಎಷ್ಟು? ಗೊತ್ತಿದೆಯೇ?

"ಅಂಗಡಿಯವನು ಹೇಳ್ತಾನೆ ಬಿಡಿ" ಅಂದಿರಾ? ಹಾಗಾದರೆ ಅಲ್ಲಿಗೆ ನಿಮ್ಮ ಜೇಬು ಅವನದಾಯಿತು. ಡಬ್ಬದ ಮೇಲೆ ಏನು ಬರೆದಿದೆ ಎಂದು ಓದಲಾಗದಿದ್ದರೆ ನಿಮ್ಮ ಕೈ, ಕಣ್ಣು ಅದೃಷ್ಟದ ಪಾಲಾಯಿತು.

ಇದು ಸಣ್ಣ ವಿಷಯ ಎಂದು ಮೂಗು ಮುರಿಯಬೇಡಿ. ಯಾದಗಿರಿ, ಶಹಾಪುರ, ಸುರಪುರದ ಬ್ಯಾಸಗಿ ಕಂಡವರಿಗೆ ಕೂಲರ್ ಎಂದರೆ ಏನೆಂದು ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಸೀಮೆ ಅದು. ಅಲ್ಲಿ ಕೂಲರ್ ಶೋಕಿಯಲ್ಲ. ಮನೆಯ ಮುದುಕರಿಗೆ, ಬಾಣಂತಿಗೆ, ಹಸುಗೂಸಿಗೆ ಅದೇ ಆಸರೆ. ಬಚ್ಚಲಿಗೆ ಫೈಬರ್ ಬಾಗಿಲು, ಅಂಗಳಕ್ಕೆ ಫೈಬರ್ ಶೀಟು, ಕೃಷ್ಣೆಯ ದಂಡೆಗೆ ಹೋದರೆ ಫೈಬರಿನ ದೋಣಿ. ಬೆಂಗಳೂರಿನ ಬಾಡಿಗೆ ಮನೆಯಲ್ಲಿ ಕೂತು ಇದನ್ನು ಓದುತ್ತಿರುವ ನಿಮ್ಮ ತಲೆಯ ಮೇಲೂ ಒಂದು ಫೈಬರ್ ಶೀಟು ಇರಬಹುದು. ಗಾಜಿನ ನಾರು ನಮ್ಮ ಮನೆಯೊಳಗೆ ಬಂದು ಎಷ್ಟೋ ವರ್ಷವಾಯಿತು. ಅದರ ಲೆಕ್ಕ ಮಾತ್ರ ಇನ್ನೂ ನಮ್ಮ ನಾಲಿಗೆಗೆ ಬಂದಿಲ್ಲ. ಬರಲೇಬೇಕು ಎಂಬುದೇ ನಮ್ಮ ವಾದ.

ಮೊದಲು ವಸ್ತು ಯಾವುದು ನೋಡಿ

ಲೆಕ್ಕ ಹಾಕುವ ಮೊದಲು ಒಡೆದದ್ದು ಫೈಬರೋ ಪ್ಲಾಸ್ಟಿಕ್ಕೋ ತಿಳಿದುಕೊಳ್ಳಿ. ಒಡೆದ ಅಂಚನ್ನು ಬೆಳಕಿಗೆ ಹಿಡಿಯಿರಿ. ಕೂದಲಿನಂಥ ಸಣ್ಣ ಬಿಳಿ ಎಳೆಗಳು ಚಾಚಿಕೊಂಡಿದ್ದರೆ ಅದು ಫೈಬರ್. ಎಳೆಯೇ ಇಲ್ಲದೆ ಮೇಣದಂತೆ ನುಣ್ಣಗಿದ್ದರೆ ಅದು ಪ್ಲಾಸ್ಟಿಕ್. ಮಾಳಿಗೆಯ ಮೇಲೆ ಕಾಣುವ ಕಪ್ಪು ನೀರಿನ ಟ್ಯಾಂಕುಗಳಲ್ಲಿ ಹೆಚ್ಚಿನವು ಪಾಲಿಥೀನ್. ಅವಕ್ಕೆ ಈ ರೆಸಿನ್ ಹಿಡಿಯುವುದೇ ಇಲ್ಲ. ಹಚ್ಚಿದ್ದು ಒಣಗಿದ ಮೇಲೆ ಹಪ್ಪಳದಂತೆ ಎದ್ದು ಬರುತ್ತದೆ. ಇಷ್ಟು ಗೊತ್ತಿದ್ದರೆ ಅರ್ಧ ದುಡ್ಡು ಅಲ್ಲೇ ಉಳಿಯಿತು.

ಇನ್ನೊಂದು ಮಾತು. ಕುಡಿಯುವ ನೀರಿನ ಫೈಬರ್ ಟ್ಯಾಂಕಿನ ಒಳಮೈಗೆ ಅಂಗಡಿಯ ಸಾಮಾನ್ಯ ರೆಸಿನ್ ಹಚ್ಚಬೇಡಿ. ಅದರಲ್ಲಿ ಸ್ಟೈರೀನ್ ಎಂಬ ದ್ರಾವಕವಿದೆ. ಪೂರ್ತಿ ಗಟ್ಟಿಯಾಗದಿದ್ದರೆ ಅದು ನೀರಿಗೆ ಇಳಿಯುತ್ತದೆ. ಆ ಕೆಲಸಕ್ಕೆ ಬೇರೆಯೇ ರೆಸಿನ್ ಇದೆ, ಬಲ್ಲವರ ಕೈ ಬೇಕು. ಕೂಲರ್, ಬಾಗಿಲು, ಶೀಟು ಇವು ನಿಮ್ಮ ಕೈಗೆ ಎಟುಕುವ ಕೆಲಸ.

ಲೆಕ್ಕ ಇಷ್ಟೇ!

ಬೇಕಾಗುವುದು ಮುಖ್ಯವಾಗಿ ಮೂರೇ ವಸ್ತು. ಒಂದು, ಗಾಜಿನ ನಾರಿನ ಚಾಪೆ. ಅಂಗಡಿಯಲ್ಲಿ ಮ್ಯಾಟ್ ಅನ್ನುತ್ತಾರೆ. ಎರಡು, ಪಾಲಿಯೆಸ್ಟರ್ ರೆಸಿನ್. ಮೂರು, ಹಾರ್ಡನರ್. ಹಾಲಿಗೆ ಹೆಪ್ಪು ಹೇಗೋ ರೆಸಿನ್‌ಗೆ ಇದು ಹಾಗೆ. ನಾವು ಹೆಪ್ಪು ಎಂದೇ ಕರೆಯೋಣ, ನಮ್ಮ ಅವ್ವಂದಿರಿಗೂ ಅರ್ಥವಾಗುತ್ತದೆ.

ಚಾಪೆಯನ್ನು ತೂಕದಿಂದ ಗುರುತಿಸುತ್ತಾರೆ. ಒಂದು ಚದರ ಮೀಟರಿಗೆ 300 ಗ್ರಾಂ, 450 ಗ್ರಾಂ, 600 ಗ್ರಾಂ ಹೀಗೆ. ಮನೆ ರಿಪೇರಿಗೆ 450ರದ್ದು ಸಾಕು. ಕೈಯಿಂದ ಹಚ್ಚಿದಾಗ ಅದರ ಒಂದು ಪದರ ಸುಮಾರು 1 ಮಿಲಿಮೀಟರ್ ದಪ್ಪ ಬರುತ್ತದೆ. ತೊಟ್ಟಿಯ ಗೋಡೆ 3 ಮಿ.ಮೀ. ಇದ್ದರೆ ಮೂರು ಪದರ ಬೇಕು. ಇದಕ್ಕೆ ಇಂಜಿನಿಯರ್ ಬೇಕೆ?

ಈಗ ನಿಮ್ಮ ಅರ್ಧ ಮೀಟರ್ ಸೀಳಿಗೆ ಬನ್ನಿ. ಸೀಳಿನ ಮೇಲಷ್ಟೇ ಪಟ್ಟಿ ಅಂಟಿಸಿದರೆ ನಿಲ್ಲುವುದಿಲ್ಲ. ಸುತ್ತಲೂ ಮರಳು ಕಾಗದದಿಂದ ಉಜ್ಜಿ, ಒಂದಕ್ಕಿಂತ ಒಂದು ದೊಡ್ಡದಾಗಿ ಮೂರು ಪಟ್ಟಿ ಹಾಕಬೇಕು. ಮೊದಲನೆಯದು 60 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ. ಎರಡನೆಯದು 65 ಉದ್ದ, 15 ಅಗಲ. ಮೂರನೆಯದು 70 ಉದ್ದ, 20 ಅಗಲ.

ಗುಣಿಸಿ. 600, 975, 1400. ಕೂಡಿಸಿದರೆ 2975 ಚದರ ಸೆಂಟಿಮೀಟರ್. ಅಂದರೆ 0.3 ಚದರ ಮೀಟರಿಗೆ ಕೂದಲೆಳೆ ಕಡಿಮೆ. ಚದರ ಮೀಟರಿಗೆ 450 ಗ್ರಾಂನಂತೆ ಚಾಪೆ ಸುಮಾರು 134 ಗ್ರಾಂ. ಕತ್ತರಿಸುವಾಗ ಹಾಳಾಗುವುದು ಸೇರಿಸಿ 155 ಗ್ರಾಂ ಹಿಡಿಯಿರಿ.

ರೆಸಿನ್ ಎಷ್ಟು? ಚಾಪೆಯ ತೂಕದ ಎರಡೂವರೆ ಪಟ್ಟು. 134ರ ಎರಡೂವರೆ ಪಟ್ಟು 335 ಗ್ರಾಂ. ಬ್ರಷ್ ಕುಡಿಯುತ್ತದೆ, ಲೋಟಕ್ಕೆ ಮೆತ್ತುತ್ತದೆ, ಆದ್ದರಿಂದ ಸಣ್ಣ ಕೆಲಸಕ್ಕೆ ನೂರಕ್ಕೆ 20 ಹೆಚ್ಚು ಹಾಕಿ. ಆಯಿತು 400 ಗ್ರಾಂ. ಮೇಲೆ ನುಣುಪಿಗೂ ಬಣ್ಣಕ್ಕೂ ಒಂದು ಕೊನೆಯ ಲೇಪ ಬೇಕೆಂದರೆ ಚದರ ಮೀಟರಿಗೆ 600 ಗ್ರಾಂನಂತೆ, ಹೊರಪಟ್ಟಿಯ 0.14 ಚದರ ಮೀಟರಿಗೆ 84 ಗ್ರಾಂ. ಬ್ರಷ್ ತೊಳೆಯಲು ಅರ್ಧ ಲೀಟರ್ ಅಸಿಟೋನ್. ಹೆಪ್ಪು? ರೆಸಿನ್‌ನ ನೂರಕ್ಕೆ 1ರಿಂದ 2. ಅಂದರೆ 400 ಗ್ರಾಂಗೆ 4ರಿಂದ 8 ಗ್ರಾಂ. ಒಂದು ಚಮಚದ ಆಸುಪಾಸು!

ಮೀಟರ್ ಬೇಡ, ಅಡಿಯಲ್ಲಿ ಹೇಳಿ ಅನ್ನುವಿರಾ? ಅದೂ ಸುಲಭ. ಒಂದು ಚದರ ಅಡಿಗೆ, ಒಂದು ಪದರಕ್ಕೆ, ಚಾಪೆ 42 ಗ್ರಾಂ, ರೆಸಿನ್ 105 ಗ್ರಾಂ. ಈ ಎರಡು ಸಂಖ್ಯೆ ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿ. ಅಂಗಡಿಯವನು ಚಾಪೆಯನ್ನು ಕಿಲೋ ಲೆಕ್ಕದಲ್ಲಿ ತೂಗುತ್ತಾನೆ. 450ರ ಚಾಪೆ ಒಂದು ಕಿಲೋ ಎಂದರೆ ಸುಮಾರು 24 ಚದರ ಅಡಿ. ನಿಮಗೆ ಬೇಕಾದದ್ದು ನಾಲ್ಕು ಚದರ ಅಡಿಯೊಳಗೆ. "ಒಂದು ಕಿಲೋ ಮ್ಯಾಟು, ಐದು ಕಿಲೋ ರೆಸಿನ್ ಒಯ್ಯಿರಿ" ಎಂದು ಅವನು ಹೇಳಿದರೆ ನಗುತ್ತಾ "ಯಾಕಣ್ಣ?" ಎಂದು ಕೇಳುವ ಧೈರ್ಯ ಈಗ ನಿಮಗೆ ಬಂತೋ ಇಲ್ಲವೋ? ಉಳಿದ ರೆಸಿನ್ ಮನೆಯಲ್ಲಿಟ್ಟು ಮುಂದಿನ ವರ್ಷ ನೋಡಿದರೆ ಅದು ಡಬ್ಬದಲ್ಲೇ ಗಂಜಿಗಟ್ಟಿರಬಹುದು. ಅಂಗಡಿಯವನು ಯಾವ ಊರಿನವನು, ಯಾವ ಭಾಷೆಯವನು ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ. ಲೆಕ್ಕ ಬಾರದವನಿಗೆ ಅಣ್ಣ ತಮ್ಮನೂ ಹೆಚ್ಚೇ ಮಾರುತ್ತಾನೆ.

ಕೂಲರಿನಲ್ಲಿ ತಪ್ಪಿದರೆ ನೆಲ ಒದ್ದೆ, ಹೊಳೆಯಲ್ಲಿ ತಪ್ಪಿದರೆ?

ಇದೇ ಲೆಕ್ಕವನ್ನು ಕೃಷ್ಣೆಯ ದಂಡೆಗೆ ಒಯ್ಯಿರಿ. ಸುರಪುರ ಸೀಮೆಯಲ್ಲಿ ಹೊಳೆ ದಾಟುವುದು ಎಂದರೆ ಆಟವಲ್ಲ. ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ನೀಲಕಂಠರಾಯನ ಗಡ್ಡಿಯ ಜನ ನಡುಗಡ್ಡೆಯಲ್ಲಿ ಸಿಕ್ಕಿಬಿದ್ದ ಸುದ್ದಿಯನ್ನು ಪತ್ರಿಕೆಗಳಲ್ಲಿ ಎಷ್ಟು ಸಲ ಓದಿಲ್ಲ ನಾವು? ಬಿದಿರು ಹೆಣೆದು ತೊಗಲು ಹೊದಿಸಿದ ಹರಿಗೋಲು ಕಟ್ಟಿದ ನಾಡು ಇದು. ತೊಗಲು ಎಷ್ಟು ಬೇಕು, ಬಿದಿರು ಎಷ್ಟು ಬೇಕು ಎಂದು ಕಟ್ಟುವವನು ಕಣ್ಣಳತೆಯಲ್ಲೇ ಹೇಳುತ್ತಿದ್ದ. ಈಗ ಕರ್ನಾಟಕದ ಹೊಳೆಗಳಲ್ಲಿ ಫೈಬರ್ ಹರಿಗೋಲುಗಳೂ ತೇಲುತ್ತಿವೆ. ಆ ಕಣ್ಣಳತೆ ಈ ಹೊಸ ವಸ್ತುವಿಗೆ ಬಂದಿದೆಯೇ?

2 ಮೀಟರ್ ವ್ಯಾಸ, 60 ಸೆಂ.ಮೀ. ಅಂಚಿನ ಒಂದು ಹರಿಗೋಲು ಹಿಡಿಯಿರಿ. ತಳ 3.14 ಚದರ ಮೀಟರ್, ಅಂಚು 3.77. ಒಟ್ಟು 6.9. ಹೊರಮೈಗೆ ಎರಡು ಪದರ ಹಾಕಬೇಕೆಂದರೆ ಚಾಪೆ ಆರು ಕಿಲೋ ಮೇಲೆ 200 ಗ್ರಾಂ, ರೆಸಿನ್ ಹದಿನೈದೂವರೆ ಕಿಲೋ, ಹಾಳಾಗುವುದಕ್ಕೆ ನೂರಕ್ಕೆ 10 ಸೇರಿಸಿ 17 ಕಿಲೋ. ಇಲ್ಲಿ ದುಡ್ಡು ಉಳಿಸಲು ಹೋಗಿ 10 ಕಿಲೋ ರೆಸಿನ್ ತಂದರೆ ಏನಾಗುತ್ತದೆ? ನಾರು ಪೂರ್ತಿ ನೆನೆಯುವುದಿಲ್ಲ. ಒಳಗೆ ಬಿಳಿ ಒಣ ಕಲೆಗಳು ಉಳಿಯುತ್ತವೆ. ಮೇಲೆ ನುಣ್ಣಗೆ ಕಾಣುತ್ತದೆ, ಒಳಗೆ ನೀರು ನುಗ್ಗಲು ದಾರಿ. ಲೆಕ್ಕ ತಪ್ಪಿದ್ದು ದಂಡೆಯಲ್ಲಿ ಗೊತ್ತಾಗುವುದಿಲ್ಲ ಗೆಳೆಯರೇ, ನಡುಹೊಳೆಯಲ್ಲಿ ಗೊತ್ತಾಗುತ್ತದೆ. ಜನ ಹತ್ತುವ ದೋಣಿಯ ಕೆಲಸವನ್ನು ಪಳಗಿದವರ ಕೈಯಲ್ಲೇ ಮಾಡಿಸಿ. ಆದರೆ ಲೆಕ್ಕ ನಿಮ್ಮ ಕೈಯಲ್ಲಿರಲಿ. ಅವರು ಎಷ್ಟು ಹಚ್ಚಿದರು ಎಂದು ಕೇಳಲು ಬಂದರೆ ಅದೇ ದೊಡ್ಡ ಕಾವಲು.

ಯಾದಗಿರಿಯ ಬಿಸಿಲೂ ಲೆಕ್ಕದಲ್ಲಿರಲಿ

ಹೆಪ್ಪಿನ ವಿಷಯ ಅವ್ವನನ್ನು ಕೇಳಿ. ಚಳಿಗಾಲದಲ್ಲಿ ಹೆಚ್ಚು ಹೆಪ್ಪು ಹಾಕುತ್ತಾಳೆ, ಬ್ಯಾಸಗಿಯಲ್ಲಿ ಒಂದು ಹನಿ. ರೆಸಿನ್‌ಗೂ ಅದೇ ನ್ಯಾಯ. 25 ಡಿಗ್ರಿಯಲ್ಲಿ ಅರ್ಧ ಗಂಟೆಯವರೆಗೆ ಕೈಗೆ ಸಿಗುವ ರೆಸಿನ್ ಯಾದಗಿರಿಯ 40 ಡಿಗ್ರಿಯಲ್ಲಿ ಹತ್ತು ನಿಮಿಷಕ್ಕೇ ಲೋಟದಲ್ಲಿ ಕಲ್ಲಾಗಬಹುದು. 400 ಗ್ರಾಂಗೂ ಒಂದೇ ಸಲ ಹೆಪ್ಪು ಹಾಕಿ ಕೂತರೆ ಅರ್ಧ ರೆಸಿನ್ ಕಸಕ್ಕೆ. ಅದಷ್ಟೇ ಅಲ್ಲ, ಆಳವಾದ ಲೋಟದಲ್ಲಿ ಗಟ್ಟಿಯಾಗುವ ರೆಸಿನ್ ತಾನೇ ಕಾಯುತ್ತದೆ, ಹೊಗೆ ಬಿಡುತ್ತದೆ. ಪ್ಲಾಸ್ಟಿಕ್ ಲೋಟವನ್ನೇ ಕರಗಿಸುತ್ತದೆ.

ಆದ್ದರಿಂದ 100 ಗ್ರಾಂ, 100 ಗ್ರಾಂ ಹೀಗೆ ನಾಲ್ಕು ಸಲ ಕಲಸಿ. ಬ್ಯಾಸಗಿಯಲ್ಲಿ ನೂರಕ್ಕೆ ಒಂದು, ಅಂದರೆ ಸಲಕ್ಕೆ 1 ಗ್ರಾಂ. ಸೂಜಿಯಿಲ್ಲದ ಸಿರಿಂಜಿನಲ್ಲಿ ಸುಮಾರು ಒಂದು ಎಂ.ಎಲ್. ಅಳೆದರೆ ಆಯಿತು. ಬೆಳಗಿನ ತಂಪಿನಲ್ಲಿ, ನೆರಳಿನಲ್ಲಿ ಕೆಲಸ ಮಾಡಿ. ಆದರೆ ಹುಷಾರ್! ಹೆಪ್ಪಿನ ಹೋಲಿಕೆ ಒಂದು ಕಡೆ ಮುರಿಯುತ್ತದೆ. ಮೊಸರಿಗೆ ಹೆಪ್ಪು ಕಡಿಮೆಯಾದರೆ ತಡವಾಗಿಯಾದರೂ ಮೊಸರಾಗುತ್ತದೆ. ರೆಸಿನ್‌ಗೆ ನೂರಕ್ಕೆ ಒಂದಕ್ಕಿಂತ ಕಡಿಮೆ ಮಾಡಿದರೆ ಅದು ಎಂದಿಗೂ ಪೂರ್ತಿ ಗಟ್ಟಿಯಾಗದೆ ಅಂಟಂಟಾಗಿ ಉಳಿಯಬಹುದು. ಹೆಚ್ಚು ಹಾಕಿದರೆ ಸುಟ್ಟು ಬಿರುಕು ಬಿಡುತ್ತದೆ. ಮೇಲಿನ ಮಿತಿ, ಕೆಳಗಿನ ಮಿತಿ ಎಷ್ಟೆಂದು ಆ ಡಬ್ಬದ ಮೇಲೆಯೇ ಬರೆದಿರುತ್ತದೆ.

ಬರೆದಿರುತ್ತದೆ, ಯಾವ ಭಾಷೆಯಲ್ಲಿ?

ಹಣೆಪಟ್ಟಿಯಲ್ಲಿ ಕನ್ನಡ ಎಲ್ಲಿ?

ಹೆಪ್ಪು ಎಂದು ಮುದ್ದಾಗಿ ಕರೆದೆವು. ಅದರ ನಿಜ ಹೆಸರು ಮೀಥೈಲ್ ಈಥೈಲ್ ಕೀಟೋನ್ ಪೆರಾಕ್ಸೈಡ್. ಕಣ್ಣಿಗೆ ಒಂದು ಹನಿ ಸಿಡಿದರೆ ದೃಷ್ಟಿಯೇ ಹೋಗಬಹುದು. ಸಿಡಿದ ಕೂಡಲೇ ಕನಿಷ್ಠ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಆಸ್ಪತ್ರೆಗೆ ಓಡಬೇಕು. ರೆಸಿನ್ ಬೇಗ ಗಟ್ಟಿಯಾಗಲೆಂದು ಕೋಬಾಲ್ಟ್ ಇರುವ ನೇರಳೆ ಬಣ್ಣದ ಇನ್ನೊಂದು ದ್ರವ ಮಾರುತ್ತಾರೆ. ಈ ಎರಡನ್ನು ನೇರವಾಗಿ ಒಂದಕ್ಕೊಂದು ಸುರಿದರೆ ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಬಹುದು. ಮೊದಲು ಕೋಬಾಲ್ಟನ್ನು ರೆಸಿನ್‌ಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲಷ್ಟೇ ಹೆಪ್ಪು ಹಾಕಬೇಕು. ಅದಕ್ಕಿಂತ ಒಳ್ಳೆಯದು, ಕೋಬಾಲ್ಟ್ ಮೊದಲೇ ಬೆರೆಸಿದ ರೆಸಿನ್ ಕೇಳಿ ತನ್ನಿ. ಎರಡನೆಯ ಸೀಸೆ ಮನೆಗೇ ಬಾರದಿರಲಿ.

ಈಗ ಯೋಚಿಸಿ. ಹತ್ತನೇ ಇಯತ್ತೆ ಕನ್ನಡದಲ್ಲಿ ಓದಿ, ಕೆಲಸಕ್ಕೆ ಸೇರಿದ ಶಹಾಪುರದ ಹುಡುಗನೊಬ್ಬನ ಕೈಗೆ ಆ ಎರಡು ಸೀಸೆ ಕೊಡಿ. ಅವನ ಜೀವ ಉಳಿಸುವ ವಾಕ್ಯ ಸೀಸೆಯ ಮೇಲೆ ಎರಡು ಮಿಲಿಮೀಟರ್ ಇಂಗ್ಲಿಷಿನಲ್ಲಿದೆ. ಚಿಲ್ಲರೆಯಾಗಿ ಬೇರೆ ಸೀಸೆಗೆ ಸುರಿದು ಕೊಟ್ಟರೆ ಅದೂ ಇಲ್ಲ. ಅವನಿಗೆ ಬೇಕಾದದ್ದು ಎಷ್ಟು ದೊಡ್ಡ ಕನ್ನಡ? "ಇವೆರಡನ್ನೂ ನೇರವಾಗಿ ಬೆರೆಸಬೇಡಿ." ಮೂರು ಪದ! ಮೂರು ಪದ ಅಚ್ಚು ಹಾಕಲು ಜಾಗವಿಲ್ಲವೇ?

ಕಾನೂನು ಏನು ಹೇಳುತ್ತದೆ ಕೇಳಿ. 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳ ಪ್ರಕಾರ ಪೊಟ್ಟಣದ ಮೇಲಿನ ವಿವರ ದೇವನಾಗರಿಯ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಇರಬೇಕು. ಬೇರೆ ಭಾಷೆ ಜೊತೆಗೆ ಇದ್ದರೆ ಅಡ್ಡಿಯಿಲ್ಲವಂತೆ. ಅಡ್ಡಿಯಿಲ್ಲ! ನಮ್ಮ ನೆಲದಲ್ಲಿ ನಮ್ಮ ಭಾಷೆಗೆ ಸಿಕ್ಕ ಸ್ಥಾನ ಇಷ್ಟೇ. ಅದೇ ದೇಶದಲ್ಲಿ 1971ರ ಕೀಟನಾಶಕ ನಿಯಮಗಳನ್ನು ನೋಡಿ. ವಿಷದ ಡಬ್ಬದ ಜೊತೆಗಿನ ಕರಪತ್ರ ಹಿಂದಿ, ಇಂಗ್ಲಿಷ್ ಜೊತೆಗೆ ಆ ಪ್ರದೇಶದ ಭಾಷೆಯಲ್ಲೂ ಇರಬೇಕು ಎನ್ನುತ್ತವೆ. ಯಾದಗಿರಿ ಸೀಮೆಯ ಹತ್ತಿ ಬೆಳೆಗಾರನಿಗೆ ಕನ್ನಡದಲ್ಲಿ ಎಚ್ಚರಿಕೆ ಸಿಗಲು ಅದೇ ಕಾರಣ. ಅಕ್ಷರ ಇರುವೆಯಷ್ಟು ಸಣ್ಣದು, ನಿಜ. ಆದರೂ ಇದೆ. ಹೊಲದಲ್ಲಿ ಸಾಧ್ಯವಾದದ್ದು ಮನೆಯಂಗಳದಲ್ಲಿ ಯಾಕೆ ಸಾಧ್ಯವಿಲ್ಲ? ರೈತನಿಗೆ ಇರುವ ಜೀವ ಕೂಲರ್ ರಿಪೇರಿ ಮಾಡುವವನಿಗೆ ಇಲ್ಲವೇ?

ರಾಜ್ಯ ಸರ್ಕಾರ ಸುಮ್ಮನೆ ಕೂತಿಲ್ಲ ಎನ್ನುವಿರಿ. ಒಪ್ಪುತ್ತೇವೆ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ, 2022 ಬಂದಿದೆ. ಅದರ ಅಡಿಯಲ್ಲಿ 2025ರ ಫೆಬ್ರವರಿಯಲ್ಲಿ ಆದೇಶವೂ ಹೊರಟಿದೆ. ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕು ಎಂದು. ಒಳ್ಳೆಯದು, ಚಪ್ಪಾಳೆ. ಆದರೆ ರಾಜ್ಯದಲ್ಲಿ ತಯಾರಾಗುವ ವಸ್ತು ಎಂಬ ಮಾತನ್ನು ಇನ್ನೊಮ್ಮೆ ಓದಿ. ಹೊರರಾಜ್ಯದಿಂದ ಲಾರಿಯಲ್ಲಿ ಬಂದಿಳಿಯುವ ಡಬ್ಬಕ್ಕೆ ಇದು ತಟ್ಟುವುದಿಲ್ಲ. ಸುಡುವ ದ್ರವ ಎಲ್ಲಿ ತಯಾರಾದರೇನು, ಸುಡುವುದು ಇಲ್ಲಿಯವರ ಕೈಯನ್ನೇ ಅಲ್ಲವೇ? ಎಚ್ಚರಿಕೆಯ ಮಾತು ವಸ್ತು ಮಾರಾಟವಾಗುವ ಊರಿನ ಭಾಷೆಯಲ್ಲಿರಬೇಕು. ಇದೇ ನಮ್ಮ ಬೇಡಿಕೆ.

"ವಿಜ್ಞಾನಕ್ಕೆ ಕನ್ನಡ ಎಲ್ಲಿದೆ?" ಅನ್ನುವವರಿಗೆ

ಈ ಮಾತು ಹೇಳುವವರು ನಮ್ಮಲ್ಲೇ ಇದ್ದಾರೆ. ಪೆರಾಕ್ಸೈಡಿಗೆ ಕನ್ನಡ ಪದ ಹೇಳಿ ನೋಡೋಣ ಎಂದು ಸವಾಲು ಹಾಕುತ್ತಾರೆ. ಸ್ವಾಮಿ, ಪೆರಾಕ್ಸೈಡ್ ಪೆರಾಕ್ಸೈಡ್ ಆಗಿಯೇ ಇರಲಿ. ರೆಸಿನ್ ರೆಸಿನ್ ಆಗಿಯೇ ಇರಲಿ. ಬಸ್ಸು, ಕಾರು, ಸೈಕಲ್ ಕನ್ನಡವಾಗಲಿಲ್ಲವೇ? ಹೆಸರು ಎಲ್ಲಿಯದಾದರೂ ಇರಲಿ, ಏನು ಮಾಡಬೇಕು, ಏನು ಮಾಡಬಾರದು ಎಂಬ ಕ್ರಿಯಾಪದ ಕನ್ನಡದಲ್ಲಿರಬೇಕು. ಅಳೆಯಿರಿ, ಕಲಸಿ, ತೊಳೆಯಿರಿ, ದೂರವಿಡಿ, ಬೆರೆಸಬೇಡಿ. ಇದಕ್ಕೂ ಪದವಿಲ್ಲವೇ ಕನ್ನಡದಲ್ಲಿ?

ಇನ್ನು ಲೆಕ್ಕದ ಮಾತು. ಯಾದಗಿರಿಯಿಂದ ಸೇಡಂ ಕಡೆ ನಡೆದರೆ ಮಳಖೇಡ. ಅಲ್ಲಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲೇ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ ಗಣಿತಸಾರಸಂಗ್ರಹ ಬರೆದ. ಅದು ಸಂಸ್ಕೃತದಲ್ಲಿತ್ತು. 12ನೇ ಶತಮಾನಕ್ಕೆ ರಾಜಾದಿತ್ಯ ಕನ್ನಡದಲ್ಲೇ ವ್ಯವಹಾರಗಣಿತ ಬರೆದ, ಕ್ಷೇತ್ರಗಣಿತ ಬರೆದ. ಕ್ಷೇತ್ರಗಣಿತ ಎಂದರೇನು? ಉದ್ದ ಅಗಲ ಅಳೆದು ವಿಸ್ತೀರ್ಣ ತೆಗೆಯುವುದು. ನಾವು ಮೇಲೆ ಕೂಲರಿನ ಸೀಳಿಗೆ ಮಾಡಿದ್ದೂ ಅದನ್ನೇ! ಎಂಟು ನೂರು ವರ್ಷಗಳಿಗೂ ಹಿಂದೆ ಕನ್ನಡದಲ್ಲಿ ಮಾಡಿದ ಲೆಕ್ಕವನ್ನು ಇಂದು ಕನ್ನಡದಲ್ಲಿ ಮಾಡಲು ಬರುವುದಿಲ್ಲ ಅನ್ನುವುದು ನಾಚಿಕೆಗೇಡು. ಇಂದಿಗೂ ಶಹಾಬಾದ್ ಫರಸಿ ಹಾಸುವ ಗೌಂಡಿ ಕೋಣೆಯನ್ನೊಮ್ಮೆ ನೋಡಿ ಇಷ್ಟು ಚದರ ಅಡಿ ಕಲ್ಲು, ಇಷ್ಟು ಚೀಲ ಸಿಮೆಂಟ್ ಎಂದು ಬಾಯಲ್ಲೇ ಹೇಳುತ್ತಾನೆ. ಅವನಿಗಿರುವ ವಿದ್ಯೆ ಪದವಿ ಓದಿದ ನಮಗೆ ಬೇಡವೇ?

ನೀವು ಮಾಡಬೇಕಾದದ್ದು

ಮೊದಲನೆಯದು, ಅಳತೆ ಪಟ್ಟಿ ಹಿಡಿದು ಒಡೆದ ಜಾಗ ಅಳೆಯಿರಿ. ಪದರ ಎಷ್ಟು ಎಂದು ತೀರ್ಮಾನಿಸಿ. ಚಾಪೆ, ರೆಸಿನ್, ಹೆಪ್ಪು, ಲೇಪ, ಅಸಿಟೋನ್ ಎಂದು ಐದು ಸಾಲು ಕನ್ನಡದಲ್ಲಿ ಬರೆದು, ಮುಂದೆ ತೂಕ ಬರೆದು, ಆ ಚೀಟಿ ಹಿಡಿದೇ ಅಂಗಡಿಗೆ ಹೋಗಿ. ಕೈಗವಸು, ಕನ್ನಡಕ, ಮೂಗಿಗೆ ಮುಖವಾಡ ಇವನ್ನೂ ಚೀಟಿಯಲ್ಲಿ ಸೇರಿಸಿ. ಉಜ್ಜುವಾಗ ಏಳುವ ಗಾಜಿನ ಧೂಳು ಚರ್ಮಕ್ಕೆ ಚುಚ್ಚುತ್ತದೆ, ಎದೆಗೂ ಇಳಿಯುತ್ತದೆ. ರೆಸಿನ್, ಅಸಿಟೋನ್ ಹತ್ತಿರ ಬೀಡಿ, ಬೆಂಕಿ ಬೇಡ. ಮಕ್ಕಳೂ ಬೇಡ.

ಎರಡನೆಯದು, ಅಂಗಡಿಯಲ್ಲಿ ಕೇಳಿ: "ಇದರ ಬಳಕೆಯ ಸೂಚನೆ ಕನ್ನಡದಲ್ಲಿ ಕೊಡಿ." ಇಲ್ಲ ಅನ್ನುತ್ತಾನೆ. ಮತ್ತೆ ಕೇಳಿ. ಹತ್ತು ಗಿರಾಕಿ ಕೇಳಿದರೆ ಅವನು ತನ್ನ ಡೀಲರನ್ನು ಕೇಳುತ್ತಾನೆ. ಡೀಲರ್ ಕಂಪನಿಯನ್ನು ಕೇಳುತ್ತಾನೆ. ಕಂಪನಿಗೆ ಪತ್ರ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಕಡೇಚೂರು ಕೈಗಾರಿಕಾ ಪ್ರದೇಶದಂಥ ಕಡೆ ಡ್ರಮ್ಮು ಹೊರುವ ಗೆಳೆಯರೂ ಇದೇ ಪ್ರಶ್ನೆ ಕೇಳಲಿ.

ಮೂರನೆಯದು, ಬೆಂಗಳೂರಿನಲ್ಲಿರುವ ನಿಮಗೆ. ಊರಿನ ಬಸ್ ನಿಲ್ದಾಣದ ಎದುರಿನ ಹಾರ್ಡ್‌ವೇರ್ ಅಂಗಡಿಗೆ, ವೆಲ್ಡಿಂಗ್ ಶಾಪಿಗೆ ನೀವೇ ಒಂದು ಹಾಳೆ ಕನ್ನಡದಲ್ಲಿ ಬರೆದು ಅಂಟಿಸಿ. ಚದರ ಅಡಿಗೆ 42, 105. ನೂರಕ್ಕೆ ಒಂದು. ನೇರವಾಗಿ ಬೆರೆಸಬೇಡಿ. ಕಣ್ಣಿಗೆ ಬಿದ್ದರೆ ನೀರು, ಕೂಡಲೇ ಆಸ್ಪತ್ರೆ. ಇಷ್ಟೇ ಸಾಕು. ನವೆಂಬರ್ ಒಂದರಂದು ಬಾವುಟ ಹಾರಿಸಿ, ಬೇಡ ಅನ್ನುವುದಿಲ್ಲ. ಆದರೆ ಈ ಒಂದು ಹಾಳೆ ಮಾಡುವ ಕನ್ನಡದ ಕೆಲಸವನ್ನು ನೂರು ಬಾವುಟ ಮಾಡಲಾರವು.

ಅಳೆಯುವ ಕೈ ನಮ್ಮದು. ಎಚ್ಚರಿಸುವ ಮಾತೂ ನಮ್ಮದಾಗಲಿ. ಮುಂದಿನ ಬ್ಯಾಸಗಿ ಬರುವುದರೊಳಗೆ ಆ ಹಾಳೆ ನಿಮ್ಮೂರಿನ ಅಂಗಡಿಯ ಗೋಡೆಯ ಮೇಲಿರಲಿ!